ತಿದ್ದೋಲೆ

ವರ್ಷದ ಕೊನೆಗೆ ಕೇಳುತ್ತಾರೆ, ಪಟ್ಟಿ.
ಜುಬೈಲಿನ ಈ ಸಂಶೋಧನಾಲಯದಲ್ಲಿ ಹದಿನಾರು ವರ್ಷ,
ನಲವತ್ತಮೂರು ಪ್ರಬಂಧ, ಮೂರು ಪೇಟೆಂಟು,
ನಾನೇ ಮತ್ತೆ ಓದದ ಒಂದು ಪುಸ್ತಕದ ಅಧ್ಯಾಯ.
ನಿಕ್ಕಲ್, ಸೀರಿಯಾ, ಜಿಯೋಲೈಟು, ಮತ್ತೆ ನಿಕ್ಕಲ್.
ಮೇಲಿಂದ ಕೆಳಗೆ ಓದಿದರೆ ದಿನಸಿಯ ಚೀಟಿ,
ಕೆಳಗಿಂದ ಮೇಲೆ ಓದಿದರೆ ನನ್ನ ತಲೆಗೂದಲು.

ಹತ್ತೊಂಬತ್ತನೆಯದರ ಹತ್ತಿರ ಕೈ ನಿಲ್ಲುತ್ತದೆ.
ಇನ್ನೂರ ಹನ್ನೆರಡು ಜನ ಉಲ್ಲೇಖಿಸಿದ್ದು,
ಬಡ್ತಿ ಕೊಡಿಸಿದ್ದು,
ಮಗಳ ಹಲ್ಲಿಗೆ ತಂತಿ ಕಟ್ಟಿಸಿದ್ದೂ ಅದೇ.
ಲೇಖಕರು ಎಂಟು ಮಂದಿ:
ನಾನು, ಖಾರ್ತೂಮಿನ ಅಲ್-ತಯ್ಯಿಬ್, ಇಬ್ಬರು ಕೊರಿಯನ್ನರು,
ಲ್ಯಾಬಿಗೆ ಎಂದೂ ಕಾಲಿಡದ ನಿರ್ದೇಶಕರು,
ಉಳಿದವರ ಮುಖ ಈಗ ನೆನಪಿಲ್ಲ.

ವಿಧಾನದ ಭಾಗದಲ್ಲಿ ಎಲ್ಲವೂ ತಾನಾಗಿ ಆಗಿದೆ.
ತೊಳೆಯಲಾಯಿತು. ಒಣಗಿಸಲಾಯಿತು.
ಐನೂರೈವತ್ತು ಡಿಗ್ರಿಯಲ್ಲಿ ನಾಲ್ಕು ತಾಸು ಸುಡಲಾಯಿತು.
ಆಯಿತು ಆಯಿತು ಎನ್ನುವ ಈ ಕ್ರಿಯಾಪದಗಳಿಗೆ
ಕೈಗಳಿಲ್ಲ, ಕೈಯಲ್ಲಿ ಬೊಬ್ಬೆಗಳಿಲ್ಲ.

ಸುಟ್ಟವನು ಇದಿನಬ್ಬ.
ವಿಟ್ಲದ ಕಡೆಯವನು,
ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿ
ಹದಿನೇಳಕ್ಕೇ ಗೂಡಿನ ಬಾಯಿಗೆ ನಿಂತವನು.
ಕಾರ್ಖಾನೆ ಮುಚ್ಚಿತು,
ಬೆಂಕಿ ಅವನ ಜೊತೆ ವಿಮಾನ ಹತ್ತಿತು.

ಒಂದು ರಾತ್ರಿ ಪಾಳಿಯಲ್ಲಿ ಬರೆದಿಟ್ಟಿದ್ದ,
ಎಲ್ಲರೂ ಇಂಗ್ಲಿಷಿನಲ್ಲಿ ತುಂಬುವ ದಾಖಲೆ ಪುಸ್ತಕದ
ಅಂಚಿನಲ್ಲಿ, ಪೆನ್ಸಿಲಿನಲ್ಲಿ, ಕನ್ನಡದಲ್ಲಿ:
‘ಎರಡನೇ ಒಲೆ ಸುಳ್ಳು ಹೇಳುತ್ತಾ ಉಂಟು.
ಲೈಟ್ ಆಫ್ ಮಾಡಿ ನೋಡಿದೆ.
ಐನೂರೈವತ್ತಕ್ಕೆ ಇಷ್ಟು ಕೆಂಪು ಬರುವುದಿಲ್ಲ.’

ಎಂಟು ಮಂದಿಯಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ.
ಓದಿದೆ.
ಪುಟ ತಿರುಗಿಸಿದೆ.
ಗಡುವಿಗೆ ಮೂರು ದಿನ ಇತ್ತು.

ಆಮೇಲೆ ಬ್ರೆಜಿಲಿನಿಂದ ಒಬ್ಬ ಹುಡುಗ ಬರೆದ:
ನೀವು ಹೇಳಿದಂತೆಯೇ ಮಾಡಿದೆ, ಹನ್ನೊಂದು ಸಲ,
ಆರೇ ತಾಸಿಗೆ ಮಸಿ ಹಿಡಿದು ಸಾಯುತ್ತದೆ,
ನಿಮ್ಮದು ಇನ್ನೂರು ತಾಸು ಬದುಕಿದ್ದು ಹೇಗೆ?
ಇನ್ನಷ್ಟು ಎಚ್ಚರದಿಂದ ಮಾಡಿ, ಎಂದೆ.
ಅವನು ಮತ್ತೆ ಬರೆಯಲಿಲ್ಲ.

ಕ್ರಿಯಾವರ್ಧಕ ತಾನು ಬದಲಾಗುವುದಿಲ್ಲವೆಂದು
ಪಿಯುಸಿಯಲ್ಲಿ ಬಾಯಿಪಾಠ ಮಾಡಿಸಿದ್ದರು.
ಕೊಳವೆ ಬಿಚ್ಚಿ ತಳ ಕೆರೆದವರಿಗೆ ಗೊತ್ತು.

ಕಳೆದ ತಿಂಗಳು ಎರಡನೇ ಒಲೆ ಗುಜರಿಗೆ ಹೊರಟಿತ್ತು.
ಹೊಸ ಥರ್ಮೋಕಪಲ್ ಇಳಿಸಿ ನೋಡಿದೆ, ಸುಮ್ಮನೆ.
ಹೊರಗೆ ಐನೂರೈವತ್ತು.
ಒಳಗೆ ಆರುನೂರ ಇಪ್ಪತ್ತೊಂದು.

ಇದಿನಬ್ಬ ಈಗ ಸೋಹಾರಿನಲ್ಲಿ, ಅಲ್ಯೂಮಿನಿಯಂ ಕರಗಿಸುವಲ್ಲಿ.
‘ಅಂದೇ ಬರೆದಿದ್ದೆನಲ್ಲ ಡಾಕ್ಟ್ರೇ’ ಎಂದ.
ಕೋಪ ಇರಲಿಲ್ಲ. ಕಷ್ಟವಾದದ್ದು ಅದೇ.
‘ಹೆಸರು ಹಾಕಿ, ಅಡ್ಡಿಯಿಲ್ಲ.
ಆಮೇಲೆ ಸೌದಿಯಿಂದ ಕೇಸುಗೀಸು ಬರಲಿಕ್ಕಿಲ್ಲ ಅಲ್ಲ?’

ಪತ್ರಿಕೆಗೆ ತಿದ್ದೋಲೆ ಬರೆಯುತ್ತಿದ್ದೇನೆ.
ಕುಲನಾಮ ಕಡ್ಡಾಯ, ಎನ್ನುತ್ತದೆ ಅರ್ಜಿ.
ಅವನ ಪಾಸ್‌ಪೋರ್ಟಿನಲ್ಲಿ ಇರುವುದು ಒಂದೇ ಹೆಸರು.
ಖಾಲಿ ಬಿಟ್ಟರೆ ಮುಂದೆ ಹೋಗಗೊಡುವುದಿಲ್ಲ,
ಚುಕ್ಕೆ ಇಟ್ಟರೂ ಇಲ್ಲ.
ಎರಡು ಸಲ ಹೊಡೆದೆ, ಇದಿನಬ್ಬ ಇದಿನಬ್ಬ,
ಯಾರನ್ನೋ ದೂರದಿಂದ ಕೂಗಿದ ಹಾಗೆ.

ಒಂಬತ್ತನೆಯ ಲೇಖಕರ ಕೊಡುಗೆ ಏನು?
ಪರಿಕಲ್ಪನೆ, ಅನುದಾನ, ಮೇಲ್ವಿಚಾರಣೆ, ಬರವಣಿಗೆ,
ಇವುಗಳಲ್ಲಿ ಒಂದನ್ನು ಆರಿಸಿ.
ದೀಪ ಆರಿಸಿ ನೋಡಿದ್ದು ಎಂಬುದು ಇಲ್ಲ.

ನನ್ನ ಕೋಣೆಯದನ್ನು ಆರಿಸಿದೆ.
ಕಿಟಕಿಯಲ್ಲಿ ಕೊಲ್ಲಿಯ ದಂಡೆಯ ಕಾರ್ಖಾನೆ,
ಚಿಮಣಿಯ ತುದಿಗೆ ಹಗಲೂ ಇರುಳೂ ಉರಿಯುವ ಆ ಜ್ವಾಲೆ.
ಎಷ್ಟು ಡಿಗ್ರಿಯೋ.
ಬಣ್ಣ ನೋಡಿ ಹೇಳಲು ನನಗೆ ಬರುವುದಿಲ್ಲ.