ಯಾತರದಿದು

ಮನೆ ಹೋಗಿದೆ. ಲೈಲ್ಯಾಕ್ ಪೊದೆ ಮಾತ್ರ
ಬಾಗಿಲಿದ್ದ ಕಡೆಗೇ ಮುಖ ಮಾಡಿ ನಿಂತಿದೆ.
ಉತ್ತರ ಡಕೋಟದ ಗಾಳಿಗೆ ಬೇಲಿಯಿಲ್ಲ.
ಗೋಧಿ ಕೊಯ್ದ ಮೇಲೆ ಜಮೀನಿನವರು ಒಪ್ಪುತ್ತಾರೆ:
ಗುಂಡಿ ತೋಡು, ಆದರೆ ಮುಚ್ಚಿ ಹೋಗು.

ನಾನು ಶಾಲೆಯ ಬಸ್ಸು ಓಡಿಸುತ್ತಿದ್ದವಳು.
ಈಗ ಕಿವಿಗೆ ಹೆಡ್‌ಫೋನು, ಕೈಯಲ್ಲಿ ಯಂತ್ರದ ಕೋಲು,
ನೆಲ ಕುಂಯ್ ಎಂದಲ್ಲಿ ಮೊಣಕಾಲೂರುತ್ತೇನೆ.

ಶನಿವಾರ, ಐಸ್‌ಕ್ರೀಮಿನ ಖಾಲಿ ಬಕೆಟ್ಟಿನಲ್ಲಿ
ತುಕ್ಕನ್ನೆಲ್ಲ ತುಂಬಿ ಆನ್ಸ್‌ಗಾರ್ ಟ್ವೈಟನ ಮನೆಗೆ.
ತೊಂಬತ್ತೊಂದು ವರ್ಷ. ಕಣ್ಣು ಮಂಜು, ಬೆರಳು ಚುರುಕು.
ಬೋರ್ಗಿಲ್ಡ್ ಮೊದಲು ಹಳೇ ಪೇಪರು ಹಾಸುತ್ತಾಳೆ,
ಮೇಜುಬಟ್ಟೆ ಅವಳ ತಾಯಿಯದು.

"ಒಲೆಯ ಮುಚ್ಚಳ ಎತ್ತುವ ಹಿಡಿ."
"ಕುದುರೆಯ ಕೊರಳಪಟ್ಟಿಯ ಗುಂಡು."
ಹಿತ್ತಾಳೆಯ ಪಟ್ಟಿ, ಸಾಲಾಗಿ ಹತ್ತು ಸೀಳು;
ಬಾಚಣಿಗೆ ಅಂದುಕೊಂಡಿದ್ದೆ. ಅವನು ತುಟಿಗೆ ತಂದು
ಊದಿದ. ಬಂದದ್ದು ಬರೀ ಮಣ್ಣು.
"ಮೌತ್ ಆರ್ಗನ್ನು," ಎಂದ, ಮೀಸೆ ಒರೆಸಿಕೊಂಡು.

ಆಮೇಲೆ ಅದು ಬಂತು. ಅಂಗೈಯಗಲದ ಕಬ್ಬಿಣ,
ಒಂದು ಕಡೆ ಬಾಯಿಬಿಟ್ಟ ಬಳೆ, ಇನ್ನೊಂದು ಕಡೆ
ಹೊರಕ್ಕೆ ಚಾಚಿದ ನಾಲ್ಕು ಮುಳ್ಳು.
ಪಾದ್ರಿ ಇದನ್ನು ಮೇಣದಬತ್ತಿಯ ಕಾಲು ಅಂದಿದ್ದರು.
ಟ್ರ್ಯಾಕ್ಟರ್ ಅಂಗಡಿಯ ಡೆಲ್ಮರ್, ತೋಳದ ಬೋನಿನ ಹಲ್ಲು.
ನನ್ನ ಮೊಮ್ಮಗಳು, ಗೊಂಬೆಯ ಕಿರೀಟ.
ಅವಳದೇ ಚೆನ್ನಾಗಿತ್ತು.

ಆನ್ಸ್‌ಗಾರ್ ಏನೂ ಹೇಳದೆ ಅದನ್ನು
ತನ್ನ ಮೂಗಿಗೇ ಸಿಕ್ಕಿಸಿಕೊಂಡ. ನಾವು ನಕ್ಕೆವು.
ಆ ಮುಳ್ಳಿನ ಮುಖದಲ್ಲೇ ಹೇಳಿದ:
"ಕರುವಿಗೆ. ಹಾಲು ಬಿಡಿಸಲಿಕ್ಕೆ.
ಹುಲ್ಲು ಮೇಯಬಹುದು, ನೀರು ಕುಡಿಯಬಹುದು.
ಕೆಚ್ಚಲಿಗೆ ಬಾಯಿ ಹಾಕಿದರೆ ಮುಳ್ಳು ಅವಳಿಗೆ ಚುಚ್ಚುತ್ತದೆ.
ಒದೆಯುವವಳು ತಾಯಿ.
ನಾವು ಯಾರೂ ಏನೂ ಮಾಡಬೇಕಾಗಿರಲಿಲ್ಲ."

ಫ್ರಿಜ್ಜಿನ ಮೋಟಾರು ನಿಂತದ್ದು ಆಗ ಕೇಳಿಸಿತು.
ಬಿಚ್ಚಿ, ಯಾಕೋ ಅಂಗಿಗೆ ಒರೆಸಿ,
ಬಕೆಟ್ಟಿಗಲ್ಲ, ಸಕ್ಕರೆ ಬಟ್ಟಲಿನ ಪಕ್ಕಕ್ಕಿಟ್ಟ.

ಉಳಿದದ್ದೊಂದು. ಗೇಣಿಗಿಂತ ಗಿಡ್ಡ ತಗಡು, ಮೂರು ತೂತು,
ಒಂದಂಚು ಮಾತ್ರ ಸವೆದು ನುಣ್ಣಗೆ ಕುಳಿಬಿದ್ದಿದೆ,
ಯಾರೋ ದಿನಾ ಅಲ್ಲೇ ಒತ್ತಿ ಹಿಡಿದಂತೆ.
ತಿರುಗಿಸಿದ. ಮೂಸಿದ. ಕಿಟಕಿಗೆ ಹಿಡಿದ;
ಮೂರು ಚುಕ್ಕಿ ಬೆಳಕು ಅವನ ಕೆನ್ನೆಯ ಮೇಲೆ.
"ಗೊತ್ತಿಲ್ಲ," ಎಂದ, ಹಬ್ಬದೂಟಕ್ಕೆ ಕರೆ ಬಂದವನಂತೆ,
"ಬೋರ್ಗಿಲ್ಡ್, ಬಾ ಇಲ್ಲಿ, ನನಗೇ ಗೊತ್ತಿಲ್ಲ!"

ಕಾಫಿಯ ಕೆಟಲು ಹಿಡಿದೇ ಅವಳು ಬಂದಳು.
ಆ ಕುಳಿಯಲ್ಲಿ ತನ್ನ ಹೆಬ್ಬೆರಳಿಟ್ಟು ನೋಡಿದಳು.
ಕಿರುಬೆರಳಿಟ್ಟು ನೋಡಿದಳು.
ಕೂರಲಿಲ್ಲ.