ಎರಡು-ಆರರ ಕೈ

ಶುಕ್ರವಾರ. ಬೆಳಗಿನ ಆರಕ್ಕೇ ಹಗ್ಗ ಬಿಗಿದಿದ್ದೇವೆ.
ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿ; ಅದು ಇನ್‌ಸ್ಪೆಕ್ಟರರದು,
ಅವರಿಲ್ಲದಾಗಲೂ ಅವರದೇ.

ಬೆನ್ನ ಹಿಂದೆ ಚಾರ್‌ಮಿನಾರಿನ ಒಂದು ಕಾಲು,
ಆ ಕಾಲಿಗೆ ಒರಗಿ ಅಮ್ಮನ ಗುಡಿ:
ಮೇಲೆ ತಗಡು, ಸುತ್ತ ಕಂಬಿ, ಮುಂದೆ ಚೆಂಡುಹೂವಿನ ಬುಟ್ಟಿ.
ಮಿನಾರಿನ ಗಾರೆಯ ಮೇಲೆ ಕೂತ ಪಾರಿವಾಳ
ಹಾರಿ ಬಂದು ತಗಡಿನ ಮೇಲೆ ಕೂರುತ್ತದೆ,
ಎರಡೂ ಕಡೆ ಹಿಕ್ಕೆ ಹಾಕುತ್ತದೆ, ಯಾರ ಅಪ್ಪಣೆಗೂ ಕಾಯದೆ.

ಊರು ನೋಡಲು ಬಂದವರು ಕೇಳುತ್ತಾರೆ:
ಮೇಡಂ, ಮೊದಲು ಬಂದದ್ದು ಯಾವುದು?
ನಾನು ಶೌಚಾಲಯದ ದಾರಿ ತೋರಿಸುತ್ತೇನೆ.

ನನಗೆ ಏಳು ತಿಂಗಳು. ಬೆಲ್ಟಿಗೆ ತೂತು ಮುಗಿದಿದೆ,
ಮೊಳೆ ಕಾಯಿಸಿ ಮಾವ ಕೊರೆದದ್ದೇ ಕೊನೆಯದು.
ಭುವನಗಿರಿಯಿಂದ ಅಮ್ಮ ಫೋನು ಮಾಡುತ್ತಾಳೆ:
ಅಂಡಾಳೂ, ಎರಡೂ ಕೈ ತುಂಬ ಬಳೆ ತೊಡಬೇಕಲ್ಲೇ ಈಗ.
ಯೂನಿಫಾರಮ್ಮಿಗೆ ಬಳೆ ನಿಷಿದ್ಧವಮ್ಮ.
ಹಾಗಾದರೆ ಯೂನಿಫಾರಂ ಹೆರಲಿ, ಅನ್ನುತ್ತಾಳೆ.

ನೀರು ಕುಡಿಯಲು ಲಾಡ್ ಬಜಾರಿನ ಗಲ್ಲಿಗೆ ಹೋದೆ.
ಶಾಹೇದಾ ಆಪಾ ಕೆಂಡದ ಮುಂದೆ ಕೂತಿದ್ದಳು,
ಮೆತ್ತಗಾದ ಅರಗಿಗೆ ಚಿಮಟದಿಂದ ಒಂದೊಂದೇ ಹರಳು ಒತ್ತುತ್ತ.
ಲೋಟ ಕೊಡುತ್ತಲೇ ನನ್ನ ಹೆಬ್ಬೆರಳಿನ ಬುಡ ಹಿಸುಕಿದಳು.
'ಊದಿದೆ. ರಂಜಾನಿನಲ್ಲಿ ಎರಡು-ನಾಲ್ಕು ಇದ್ದೆ.
ಈಗ ಎರಡು-ಆರು.'
ಆಮೇಲೆ ಚಿಮಟ ಕೆಳಗಿಟ್ಟು ನಕ್ಕಳು:
'ನಿಮ್ಮ ದೇವೀಮ್ಮನ ಅಳತೆಯೂ ಅದೇ.'

ದೀಪಾವಳಿಗೆ ಮುಂಚೆ ಗುಡಿಯಿಂದ ಒಂದು ದಾರ ಬರುತ್ತಿತ್ತಂತೆ,
ಎರಡು ಗಂಟು ಹಾಕಿದ್ದು, ಅವಳ ಮಾವನ ಕಾಲಕ್ಕೆ.
ಈಗ ದಾರ ಬರುವುದಿಲ್ಲ, ಹುಡುಗನೊಬ್ಬ ಬಂದು
'ಅಮ್ಮನದು' ಅಂತಾನೆ, ಅಷ್ಟೆ.
ಹಳೇ ದಾರ ಇವಳ ಬಿಸ್ಕತ್ ಡಬ್ಬಿಯಲ್ಲಿದೆ.
ನೋಡಿದ್ದೀಯಾ ಆಪಾ ಅವಳನ್ನ?
'ಇಲ್ಲ. ಕೈ ಮಾತ್ರ ಗೊತ್ತು.'

ಆರು ಬಳೆ, ಹಸಿರು, ಉರ್ದು ಪೇಪರಿನಲ್ಲಿ ಸುತ್ತಿ
ಪ್ಯಾಂಟಿನ ಜೇಬಿಗೆ ತುರುಕಿದಳು. ದುಡ್ಡು ಹೆರಿಗೆಯಾದ ಮೇಲೆ.

ಹೂವಿನ ಲಚ್ಚಮ್ಮ ಹೊಸಬರಿಗೆ ಕತೆ ಹೇಳುತ್ತಿದ್ದಳು.
ಒಂದು ರಾತ್ರಿ ಲಕ್ಷ್ಮಿ ಈ ಊರು ಬಿಟ್ಟು ಹೊರಟಳಂತೆ.
ಬಾಗಿಲ ಕಾವಲಿನವನು ಕೈಮುಗಿದ: ತಾಯೀ,
ಅರಸರನ್ನು ಕೇಳಿ ಬರ್ತೀನಿ, ಅಲ್ಲಿತನಕ ಹೋಗಬೇಡ.
ಅವಳು ಒಪ್ಪಿದಳು.
ಅರಸ ಜಾಣ. ಅವನ ತಲೆ ತೆಗೆಸಿದ.
ಅವನು ಮರಳುವುದಿಲ್ಲ, ಇವಳು ಹೊರಡುವುದಿಲ್ಲ.
ಕೇಳಿದವರು ಕಣ್ಣಿಗೊತ್ತಿಕೊಂಡು ಹೂವು ಕೊಳ್ಳುತ್ತಾರೆ.

ಆ ಕಾವಲಿನವನ ಹೆಸರೇನಜ್ಜೀ?
'ಪೊಲೀಸಿನವರಿಗೆ ಹೆಸರ್ಯಾಕೆ ತಾಯೀ.'
ಅವನ ಮನೆಯಲ್ಲೂ ಯಾರೋ
ಅನ್ನದ ಮೇಲೆ ತಟ್ಟೆ ಮುಚ್ಚಿಟ್ಟು ಕೂತಿದ್ದಿರಬೇಕು.

ಒಂದೂಕಾಲು. ಮಕ್ಕಾ ಮಸೀದಿಯಿಂದ ಜನ ಬಿಟ್ಟರು.
ಗುಡಿಯ ಮುಂದೆ ಬೈಕುಗಳಲ್ಲಿ ಬಂದ ಹುಡುಗರು, ಕೈಯಲ್ಲಿ ಫೋನು.
ಯಾರೋ ಏನೋ ಕೂಗಿದರು. ಇನ್ಯಾರೋ ತಿರುಗಿ ನಿಂತರು.
ನಾನು ಎರಡೂ ಕೈ ಚಾಚಿ ಹಗ್ಗದ ಜೊತೆ ಹಗ್ಗವಾದೆ.
ಬೆವರು. ಅತ್ತರು. ಕರ್ಪೂರ. ಯಾರದೋ ಮೊಣಕೈ.
ಒಳಗಿನದು ಒಮ್ಮೆ ಒದೆಯಿತು;
ಜೇಬಿನಲ್ಲಿ ಬಳೆ ಸದ್ದು ಮಾಡಿದವು.
ಎದುರಿನ ಹುಡುಗ, ಮೀಸೆ ಮೂಡಿಲ್ಲ ಇನ್ನೂ,
ನನ್ನ ಹೊಟ್ಟೆ ನೋಡಿ ಒಂದು ಹೆಜ್ಜೆ ಹಿಂದೆ ಸರಿದ.
ಅವನ ಹಿಂದಿನವನು ಬೈದ. ಆದರೂ ಸರಿದ.
ಆಮೇಲೆ ಆಟೋ, ಹಾರ್ನು, ಕಲ್ಲಂಗಡಿಯ ಗಾಡಿ,
ದಿನವಿಡೀ ಇರುವುದೇ.

ಸಂಜೆ ಡೈರಿಯಲ್ಲಿ ಬರೆದೆ: ಶಾಂತ.
ಪೊಟ್ಟಣ ಬಿಚ್ಚಿದರೆ ಒಂದು ಬಳೆ ಸೀಳಿತ್ತು.
ಅರಗು ತಾನೇ, ಕೆಂಡ ತೋರಿಸಿದರೆ ಕೂಡೀತು.

ಹಗ್ಗ ಸುತ್ತಿಟ್ಟು ಗುಡಿಯ ಕಂಬಿಯ ಎದುರು ನಿಂತೆ.
ಆರತಿಯ ಬೆಳಕಿನಲ್ಲಿ ಅವಳ ಕೈ ಮಾತ್ರ ಕಂಡಿತು.
ದಿನಾ ಹೇಳುವಂತೆ 'ಹೋಗಿ ಬರ್ತೀನಿ' ಎನ್ನಲು ಬಾಯಿ ತೆರೆದವಳು
ಮುಚ್ಚಿಕೊಂಡೆ.
ಕೊನೆಗೆ ಹಾಗೆಂದವನನ್ನು
ಇವಳು ಇನ್ನೂ ಕಾಯುತ್ತಿದ್ದಾಳೆ.