ಸ್ಟೇಜ್ ಪಟ್ಟಿ ಇಲ್ಲದ ರೂಟು

ಕಲಬುರಗಿ–ಸೇಡಂ, ಹದಿನೇಳು ವರ್ಷ.
ಕಣ್ಣು ಮುಚ್ಚಿ ಹೇಳ್ತೀನಿ
ಯಾವ ತಗ್ಗಿಗೆ ಯಾವ ಮುದುಕಿ ಡ್ರೈವರಗ ಬೈತಾಳ,
ಮಳಖೇಡದ ಹೊಳಿ ದಾಟಿದ ಮ್ಯಾಲ
ಎಷ್ಟು ಮಂದಿ ತೂಕಡಸ್ತಾರ.
ಮಗಳ ಹತ್ತನೇ ಇಯತ್ತೆಗೆ ಮಾತ್ರ
ನನ್ನ ಬಲ್ಲಿ ಸ್ಟೇಜ್ ಪಟ್ಟಿ ಇಲ್ಲ.

ಬಸ್ಸಿನ ಬೆನ್ನಿಗೆ ಕೋಚಿಂಗಿನವರ ಜಾಹೀರಾತು.
ಇಪ್ಪತ್ತೆರಡು ಮಕ್ಕಳ ಮಾರಿ, ಮಾರಿ ಕೆಳಗ ರ‍್ಯಾಂಕು,
ಎಲ್ಲಾರ ಕೊಳ್ಳಾಗೂ ಒಂದೇ ನಮೂನಿ ಟೈ.
ದಿನಾ ಸೀಟಿ ಊದಿ ಅವರನ್ನ ಸೇಡಂಗೆ ಒಯ್ತೀನಿ,
ಸಂಜಿಗೆ ತಿರುಗಿ ತರ್ತೀನಿ.
ಧೂಳು ಕುಂತಾಗ ಮೂಲ್ಯಾಗಿನ ಒಬ್ಬಾಕಿ
ನಮ್ಮ ಭಾಗ್ಯವಂತಿ ಹಂಗೇ ಕಾಣ್ತಾಳ.
ಒರಸಿದರ, ಯಾರದೋ ಮಗಳು.

ಹೆಂಡತಿ ತಮ್ಮ ಅಂತಾನ: ಲಾತೂರಿಗೆ ಕಳಸ್ರಿ ಮಾಮಾ,
ಅಲ್ಲಿ ಕಲ್ಲೂ ಡಾಕ್ಟರ್ ಆಗ್ತದ.
ಡಿಪೋದಾಗಿನ ಗೆಳೆಯ: ಡಿಪ್ಲೊಮಾ ಹಾಕು, ಮೂರು ವರ್ಷ, ಮುಗೀತು.
ಶಹಾಬಾದಿನ ಅಕ್ಕ ಏನೂ ಅನ್ನಲಿಲ್ಲ,
ಯಾವನೋ ಹುಡುಗನ ಫೋಟೊ ವಾಟ್ಸಪ್ಪಿಗೆ ಹಾಕಿದಳು.
ಅಳಿಸಿದೆ.
ಮತ್ತ ಹಾಕಿದಳು.

ಪ್ರಿಪರೇಟರಿ, ಲೆಕ್ಕದಾಗ ಮೂವತ್ತೊಂದು.
ಸಾಲಿಗೆ ಕರೆದರು. ಖಾಕಿ ಮ್ಯಾಲೇ ಹೋದೆ.
ಕಸ್ತೂರಿಬಾಯಿ ಟೀಚರ್ ಕೇಳಿದರು,
ಮನ್ಯಾಗ ಈಕಿ ಸಂಗಾಟ ಯಾರು ಕೂಡ್ತೀರಿ?
ಕಲಸೋರು ಅಲ್ರಿ, ಕೂಡೋರು.
ಕೂಡೂದು ಬರ್ತದ್ರಿ ಮೇಡಂ, ಅಂದೆ,
ದಿನಾ ಚಿಲ್ಲರೆ ಕೂಡೂದೇ ಅಲ್ಲೇನ್ರಿ ನನ್ನ ಕೆಲಸ.
ನಕ್ಕರು. ನಾನೂ ನಕ್ಕೆ.
ಮೆಟ್ಟಲ ಇಳಿಯುವಾಗ ಆ ಮಾತು ಎದಿಗೆ ನಟ್ಟಿತು.

ಅವತ್ತಿಂದ ಕೂಡ್ತೀನಿ.
ಮಿನಾರಿನ ನೆರಳು ಇಷ್ಟು, ಕೋನ ಇಷ್ಟು,
ಎತ್ತರ ಎಷ್ಟು ಅಂತ ಅದರ ಪುಸ್ತಕ ಕೇಳ್ತದ.
ನನಗೇನು ಗೊತ್ತು!
ನೆರಳು ಕಂಡರ ಬಸ್ ನಿಲ್ಲಿಸೂದಷ್ಟೇ ಗೊತ್ತು.
ಅಕಿ ಅವ್ವ ಮೊಬೈಲ್ ತೊಗೊಂಡು
ಜ್ವಾಳದ ಹಿಟ್ಟಿನ ಡಬ್ಬಿಗೆ ಹಾಕಿ ಮುಚ್ಚಳ ಬಡೀತಾಳ.
ಹಿಟ್ಟಿನೊಳಗಿಂದ ಝುಂ ಅಂತದ.
ಮೂರೂ ಮಂದಿ ಆ ಕಡೆ ನೋಡ್ತೀವಿ,
ಮೂರೂ ಮಂದಿ ನೋಡಿಲ್ಲ ಅನ್ನೂಹಂಗ ಇರ್ತೀವಿ.

ನಡುವ ತಹಸೀಲ ಆಫೀಸಿಗೆ ಮೂರು ರಜಾ ಹೋದವು.
ಮುನ್ನೂರ ಎಪ್ಪತ್ತೊಂದು ಜೆ ಕಾಗದ, ಠಸೆ, ಸಹಿ, ಎಲ್ಲಾ ಬಂತು.
ಹೆಸರು: ಭಾಗವಂತಿ.
ಒಂದು ಒತ್ತಿಗ್ಯಾಕ ಇಷ್ಟು ಒದ್ದಾಡ್ತೀ, ಅಂದ ಕ್ಲರ್ಕು.
ಸಾಹೇಬ್ರ, ಭಾಗಾಕಾರ ಅಂದ್ರ ಅಳೋ ಹುಡುಗಿ ಅದು,
ಭಾಗ ಅಂತ ಹೆಸರಿಟ್ಟು ಹ್ಯಾಂಗ ಕಾಲೇಜಿಗೆ ಕಳಸಲಿ?

ನಿನ್ನೆ ರಾತ್ರಿ ಹನ್ನೊಂದಾಗಿತ್ತು. ನಾನು ಗೋಡಿಗೆ ಒರಗಿ ನಿದ್ದಿ ಹತ್ತಿದ್ದೆ.
ಅಪ್ಪಾ, ಅಂದಳು,
ಒಂಬತ್ತು ರೂಪಾಯಿ ಕಮ್ಮಿ ಅದ.
ನೋಡಿದರ ಕೈಯಾಗ ನನ್ನ ಕಿಸೆದ ಡೈರಿ.
ಎರಡನೇ ಟ್ರಿಪ್ಪಿನ್ಯಾಗ, ಮಳಖೇಡದಾಗ,
ಯಾರಿಗೋ ಚಿಲ್ಲರೆ ಜಾಸ್ತಿ ಕೊಟ್ಟೀ.
ತಿಂಗಳದ್ದು ಪೂರಾ ನೋಡೀನಿ,
ಮಂಗಳವಾರ ಬಂದ್ರ ನೀ ತಪ್ತೀ.

ಮೂವತ್ತೊಂದು ತೊಗೊಂಡಾಕಿ.
ಪೆನ್ಸಿಲಿನಿಂದ ಸಣ್ಣಗ, ಎಡಕ್ಕ ಖರ್ಚು, ಬಲಕ್ಕ ಜಮಾ.

ಕಾಮರ್ಸ್ ತೊಗೊಂಡ್ರ ನಿನಗ ಕಮ್ಮಿ ಅನಸ್ತದೇನು?

ಬಾಯಿ ತೆರೆದೆ. ಇಪ್ಪತ್ತೆರಡು ಮಾರಿ
ನಾಲಿಗಿ ಮ್ಯಾಲ ಟೈ ಕಟಗೊಂಡು ನಿಂತಿದ್ವು.
ನೀರು ಕುಡಿದೆ.
ಮೊದಲು ಮಿನಾರಿನ ಎತ್ತರ ಮುಗಸು, ಅಂದೆ,
ಮುಗಿಯೂತನಕ ಕೂಡ್ತೀನಿ.

ಉತ್ತರ ಅಲ್ಲ ಅದು. ಅಕಿಗೂ ಗೊತ್ತಾಯ್ತು.
ಖರೇ ಹೇಳಬೇಕಂದ್ರ ಒಂಚೂರು ಕಮ್ಮೀನೇ ಅನಿಸಿತ್ತು,
ಅಂದಾಜು ಒಂಬತ್ತು ರೂಪಾಯಿಯಷ್ಟು.

ಇವತ್ತು ಮಂಗಳವಾರ.
ಮಳಖೇಡದಾಗ ಎರಡೆರಡು ಸಲ ಎಣಿಸಿ ಕೊಟ್ಟೆ.
ಹಿಂದಿನವರು ಕೂಗಿದರು, ಏನ್ರಿ ಕಂಡಕ್ಟರ್ ಸಾಹೇಬ್ರ,
ಲೆಕ್ಕ ಮರತ್ರೇನು?
ಇಲ್ರೀ, ಅಂದೆ,
ಮನ್ಯಾಗ ನೋಡೋರು ಅದಾರ.